ಮನೆಯೇ ಚರಿತ್ರೆಯ ಶಾಲೆಯಾದಾಗ

ಸೋಲಾಪುರದಿಂದ ವಿಜಯಪುರಕ್ಕೆ ಬರುವ ಹೆದ್ದಾರಿಯು ಭೀಮಾನದಿಯನ್ನು ದಾಟಿ, ಧೂಳಖೇಡವನ್ನು ಹಿಂದಿಕ್ಕಿ, ಎರೆಭೂಮಿಯ ಬಯಲಿನಲ್ಲಿ ದಕ್ಷಿಣಾಭಿಮುಖವಾಗಿ ಸಾಗುವಾಗ ನಡುದಾರಿಯಲ್ಲಿ ಸಿಕ್ಕುವ ಊರು ಝಳಕಿ. ಇಲ್ಲಿಂದ ಒಂದು ದಾರಿ ಇಂಡಿಗೆ, ಇನ್ನೊಂದು ಚಡಚಣಕ್ಕೆ. ಹಗಲಿರುಳೂ ಲಾರಿಗಳ ಓಡಾಟ. ದಾರಿಯ ಇಕ್ಕೆಲಗಳಲ್ಲಿ ಜೋಳ, ಅದರಾಚೆಗೆ ನಿಂಬೆಯ ತೋಟ, ದ್ರಾಕ್ಷಿಯ ಹಂದರ. ಬಸ್ಸಿಗಾಗಿ ಕಾದು ನಿಂತ ಪ್ರವಾಸಿಗನಿಗೆ ಇದೊಂದು ಚಹದ ಅಂಗಡಿಯ ನಿಲುಗಡೆಯೇ ಹೊರತು ಚರಿತ್ರೆಯ ತಾಣವೆಂದು ತೋರುವುದೇ ಇಲ್ಲ.

ಈ ಊರಿನಲ್ಲಿ ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗ ಸೊಸೆಯರು ಅಮೆರಿಕೆಯಲ್ಲಿದ್ದಾರೆ. ಹತ್ತು ವರ್ಷದ ಮೊಮ್ಮಗಳು ಅಲ್ಲಿ ಶಾಲೆಗೆ ಹೋಗುವುದಿಲ್ಲ. ತಾಯಿಯೇ ಮನೆಯಲ್ಲಿ ಕಲಿಸುತ್ತಾಳೆ. ಇದರಲ್ಲಿ ಅಲ್ಲಿಯವರಿಗೆ ಆಶ್ಚರ್ಯವೇನಿಲ್ಲ. 1993ರ ಹೊತ್ತಿಗೆ ಅಮೆರಿಕೆಯ ಐವತ್ತೂ ಸಂಸ್ಥಾನಗಳಲ್ಲಿ ಗೃಹಶಿಕ್ಷಣವು ಕಾನೂನುಸಮ್ಮತವಾಗಿತ್ತು. ಕೆಲವು ತಿಂಗಳ ಮಟ್ಟಿಗೆ ತಾಯಿ ಮಗಳು ಊರಿಗೆ ಬಂದಿದ್ದಾರೆ. ಪಾಠಗಳಿಗೆ ಬಿಡುವಿಲ್ಲ, ಅವು ಅಂತರಜಾಲದಲ್ಲಿವೆ, ಬಂದಲ್ಲಿಗೆಲ್ಲ ಬೆನ್ನಟ್ಟಿ ಬರುತ್ತವೆ. ಪಡಸಾಲೆಯಲ್ಲಿ ಗೋಡೆಗೊರಗಿ ಹುಡುಗಿ ಚರಿತ್ರೆಯ ಪಾಠವನ್ನು ನೋಡುತ್ತಿರುವಾಗ ಅಜ್ಜ ಹತ್ತಿರ ಬಂದು ಕುಳಿತು ಕೇಳುತ್ತಾನೆ:

"ಏನ್ ಓದ್ಲಾಕತ್ತಿ ತಂಗಿ?"

"ಈಜಿಪ್ತ್, ಮುತ್ಯಾ. ಪಿರಮಿಡ್ಡು ಕಟ್ಟಿದ್ದು."

"ಹೌದಾ? ಅದರಾಗ ನಮ್ಮ ಕಡೀದು ಏನರೆ ಐತೇನು?"

ಹುಡುಗಿ ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡುತ್ತಾಳೆ. ಉತ್ತರ ಸಿಕ್ಕುವುದಿಲ್ಲ.

ಮನೆ ಕಲ್ಪಿತವಾದುದು, ಪ್ರಶ್ನೆ ಮಾತ್ರ ನಿಜವಾದುದು. ಹೊರದೇಶಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ, ಬೆಂಗಳೂರು ಪುಣೆಗಳಂತಹ ನಗರಗಳಲ್ಲಿ, ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ತಂದೆತಾಯಿಗಳು ಇಂದು ಇದ್ದಾರೆ. ಗಣಿತವನ್ನೂ ವಿಜ್ಞಾನವನ್ನೂ ಎಲ್ಲಿಂದ ತಂದು ಕಲಿಸಿದರೂ ಒಂದೇ. ಮೂರೂ ಎರಡೂ ಐದಾಗುವುದು ನ್ಯೂಯಾರ್ಕಿನಲ್ಲಿಯೂ ಸರಿ, ನಿಂಬಾಳದಲ್ಲಿಯೂ ಸರಿ. ಚರಿತ್ರೆಯ ಮಾತು ಹಾಗಲ್ಲ. ಅದನ್ನು ಎಲ್ಲಿ ನಿಂತು ಬರೆದರು ಎಂಬುದರ ಮೇಲೆ ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಎಂಬುದು ನಿಂತಿದೆ.

ಅಂಚೆಯಿಂದ ಅಂತರಜಾಲಕ್ಕೆ

ಮನೆಯಲ್ಲಿ ಕಲಿಯುವ ಮಗುವಿಗೆ ದೂರದಿಂದ ಪಾಠವನ್ನು ಕಳುಹಿಸುವ ಪದ್ಧತಿ ಇಂದು ನಿನ್ನೆಯದಲ್ಲ. ಅಮೆರಿಕೆಯ ಬಾಲ್ಟಿಮೋರ್ ನಗರದ ಕ್ಯಾಲ್ವರ್ಟ್ ಶಾಲೆಯು 1906ರಿಂದಲೇ ಅಂಚೆಯ ಮೂಲಕ ಮನೆಮನೆಗೆ ಪಾಠಗಳನ್ನು ಕಳುಹಿಸತೊಡಗಿತ್ತು. ಆ ಶಾಲೆಯ ಮುಖ್ಯಾಧ್ಯಾಪಕನಾಗಿದ್ದ ಹಿಲಿಯರ್ ಎಂಬಾತನು ಮಕ್ಕಳಿಗಾಗಿ ಬರೆದ ಪ್ರಪಂಚದ ಚರಿತ್ರೆ 1924ರಲ್ಲಿ ಹೊರಬಂದಿತು. ಇಂಗ್ಲೆಂಡಿನ ಷಾರ್ಲಟ್ ಮೇಸನ್ ಎಂಬ ಶಿಕ್ಷಣತಜ್ಞೆ ಇದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮನೆಯಲ್ಲಿ ಮಕ್ಕಳಿಗೆ ಕಲಿಸುವ ತಾಯಂದಿರಿಗಾಗಿ ಒಂದು ಕ್ರಮವನ್ನು ರೂಪಿಸಿದ್ದಳು. ಆಕೆಯ ವಿಧಾನದ ತಿರುಳು ಸರಳವಾದುದು. ತಾಯಿ ಒಂದು ಭಾಗವನ್ನು ಒಮ್ಮೆ ಮಾತ್ರ ಓದಬೇಕು. ಮಗು ಅದನ್ನು ತನ್ನ ಮಾತಿನಲ್ಲಿ ಮರಳಿ ಹೇಳಬೇಕು. ಪ್ರಶ್ನೋತ್ತರವಿಲ್ಲ, ಕಂಠಪಾಠವಿಲ್ಲ. ನಮ್ಮ ಅಜ್ಜಿಯರು ರಾತ್ರಿ ಕಥೆ ಹೇಳಿ, ಮರುದಿನ ಮೊಮ್ಮಕ್ಕಳ ಬಾಯಿಂದ ಅದನ್ನೇ ಹೇಳಿಸಿ ನಗುತ್ತಿದ್ದುದು ಇದಕ್ಕಿಂತ ಬೇರೆಯೇ? ಶಾಸ್ತ್ರವೆಂಬ ಹೆಸರು ಮಾತ್ರ ಅದಕ್ಕೆ ಬಂದಿರಲಿಲ್ಲ.

ಭಾರತದಲ್ಲಿ ಮನೆಪಾಠದ ಚರಿತ್ರೆಗೆ ಎಲ್ಲರಿಗೂ ತಿಳಿದ ಉದಾಹರಣೆಯೊಂದುಂಟು. 1928ರ ಬೇಸಗೆಯಲ್ಲಿ ಹತ್ತು ವರ್ಷದ ಇಂದಿರೆ ಮಸ್ಸೂರಿಯಲ್ಲಿದ್ದಳು. ತಂದೆ ಜವಾಹರಲಾಲ ನೆಹರೂ ಬಯಲುನಾಡಿನ ಬಿಸಿಲಿನಲ್ಲಿದ್ದರು. ಭೂಮಿ ಹೇಗೆ ಹುಟ್ಟಿತು, ಮನುಷ್ಯ ಹೇಗೆ ಮಾತನಾಡಲು ಕಲಿತ ಎಂಬುದರಿಂದ ತೊಡಗಿ ಮೂವತ್ತು ಪತ್ರಗಳನ್ನು ಅವರು ಮಗಳಿಗೆ ಬರೆದರು. 1929ರಲ್ಲಿ ಅವು ಪುಸ್ತಕವಾದವು. ಅವುಗಳನ್ನು ಹಿಂದಿಗೆ ಅನುವಾದಿಸಿದವರು ಪ್ರೇಮಚಂದರು. ಮುಂದೆ 1930ರ ಅಕ್ಟೋಬರದಿಂದ 1933ರ ಆಗಸ್ಟಿನವರೆಗೆ, ಬಹುಮಟ್ಟಿಗೆ ಸೆರೆಮನೆಗಳಲ್ಲಿದ್ದುಕೊಂಡು, 196 ಪತ್ರಗಳಲ್ಲಿ ಪ್ರಪಂಚದ ಚರಿತ್ರೆಯನ್ನೇ ಬರೆದರು. ಬಳಿಯಲ್ಲಿ ಗ್ರಂಥಭಂಡಾರವಿರಲಿಲ್ಲ, ಓದಿದ ಪುಸ್ತಕಗಳಿಂದ ಮಾಡಿಕೊಂಡ ಟಿಪ್ಪಣಿಗಳು ಮತ್ತು ನೆನಪೇ ಆಧಾರ. ಶಾಲೆಯಿಂದ ಶಾಲೆಗೆ, ಊರಿನಿಂದ ಊರಿಗೆ ಅಲೆದ ಆ ಹುಡುಗಿಗೆ ತಂದೆಯ ಪತ್ರಗಳೇ ಒಂದು ಬಗೆಯ ಪಠ್ಯಕ್ರಮವಾದವು. ಅಂಚೆಯಲ್ಲಿ ಬಂದ ಪಾಠ, ಅಂತರಜಾಲದಲ್ಲಿ ಬರುವ ಪಾಠ: ಎರಡಕ್ಕೂ ಒಂದೇ ಕೊರತೆ. ಕೇಳಬೇಕೆನಿಸಿದ ಪ್ರಶ್ನೆಗೆ ಉತ್ತರ ಆ ಕ್ಷಣಕ್ಕೆ ಬಾರದು.

ಈಗಿನ ಅಂತರಜಾಲದ ಚರಿತ್ರೆಯ ಪಾಠಕ್ರಮಗಳು ಹೇಗಿರುತ್ತವೆಂಬುದನ್ನು ವಾಚಕರು ತಿಳಿಯಬಯಸಬಹುದು. ಅಮೆರಿಕೆಯ ಗೃಹಶಿಕ್ಷಣದ ಮನೆಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು ನಾಲ್ಕು ವರ್ಷಗಳ ಸುತ್ತು. ಮೊದಲ ವರ್ಷ ಪ್ರಾಚೀನ ಕಾಲ, ಎರಡನೆಯ ವರ್ಷ ಮಧ್ಯಯುಗ, ಮೂರನೆಯ ವರ್ಷ ಆಧುನಿಕ ಯುಗದ ಉದಯ, ನಾಲ್ಕನೆಯ ವರ್ಷ ಇತ್ತೀಚಿನ ಕಾಲ. ಸುತ್ತು ಮುಗಿದ ಮೇಲೆ ಮಗು ಬೆಳೆದಿರುತ್ತದೆ. ಮತ್ತೆ ಮೊದಲಿನಿಂದ, ಹೆಚ್ಚು ಆಳವಾಗಿ. ಈ ಕ್ರಮವನ್ನು ಜನಪ್ರಿಯಗೊಳಿಸಿದವರಲ್ಲಿ ಸೂಸನ್ ವೈಸ್ ಬಾವರ್ ಮುಖ್ಯಳು. ಸ್ವತಃ ತಾಯಿಯ ಬಳಿ ಮನೆಯಲ್ಲಿ ಕಲಿತವಳು. ತಾಯಿಯೊಡಗೂಡಿ 1999ರಲ್ಲಿ ಗೃಹಶಿಕ್ಷಣದ ಮಾರ್ಗದರ್ಶಿಯೊಂದನ್ನು ಬರೆದಳು. 2001ರಿಂದ ಮಕ್ಕಳಿಗಾಗಿ ನಾಲ್ಕು ಸಂಪುಟಗಳ ಜಗತ್ತಿನ ಕಥೆಯನ್ನು ಹೊರತಂದಳು. ಇನ್ನೊಂದು ಬಗೆಯದು ಡೇವಿಡ್ ಕ್ರಿಶ್ಚಿಯನ್ ಎಂಬ ಪ್ರಾಧ್ಯಾಪಕನು ಬಿಲ್ ಗೇಟ್ಸನ ನೆರವಿನಿಂದ 2011ರಲ್ಲಿ ಆರಂಭಿಸಿದ 'ಬೃಹತ್ ಚರಿತ್ರೆ'. ಇದು ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಹುಟ್ಟಿದಲ್ಲಿಂದ ತೊಡಗುತ್ತದೆ, ಬಿಟ್ಟಿಯಾಗಿಯೇ ದೊರೆಯುತ್ತದೆ.

ಇಂತಹ ಕ್ರಮಗಳಲ್ಲಿ ಓದು, ಚಿತ್ರ, ಭೂಪಟ, ಚಲಚ್ಚಿತ್ರ, ಕೈಗೆಲಸ ಎಲ್ಲವೂ ಹದವಾಗಿ ಬೆರೆತಿರುತ್ತವೆ. ಗೋಡೆಗೆ ಉದ್ದನೆಯ ಕಾಗದವನ್ನು ಅಂಟಿಸಿ ಕಾಲರೇಖೆಯನ್ನು ಎಳೆಯುವುದು, ಓದಿದ ಘಟನೆಯನ್ನು ಚೀಟಿಯಲ್ಲಿ ಬರೆದು ಅದರ ಮೇಲೆ ಹಚ್ಚುವುದು ಮಕ್ಕಳಿಗೆ ಅಚ್ಚುಮೆಚ್ಚು. ನಮ್ಮ ಶಾಲೆಗಳಲ್ಲಿ ಚರಿತ್ರೆಯೆಂದರೆ ಇಸವಿಗಳ ಹೊರೆ ಎಂದು ಹೆದರಿದವರು ಈ ಪಾಠಗಳನ್ನು ಕಂಡರೆ ಅಸೂಯೆಪಟ್ಟಾರು. ಒಳ್ಳೆಯದನ್ನು ಒಳ್ಳೆಯದೆನ್ನಲು ಸಂಕೋಚವೇಕೆ?

ಕೊರತೆ ಇರುವುದು ಬೇರೆಡೆ. ಭಾರತಕ್ಕೆ ದೊರೆಯುವ ಪುಟಗಳಲ್ಲಿ ಹರಪ್ಪ, ಬುದ್ಧ, ಮೌರ್ಯರು, ಗುಪ್ತರು, ಮೊಗಲರು, ಆಂಗ್ಲರು ಬಂದು ಹೋಗುತ್ತಾರೆ. ನರ್ಮದೆಯ ದಕ್ಷಿಣಕ್ಕೆ ಬೆಳಕು ಬೀಳುವುದು ಅಪರೂಪ. ಬಾದಾಮಿಯ ಚಾಲುಕ್ಯರನ್ನಾಗಲಿ, ಮಾನ್ಯಖೇಟದ ರಾಷ್ಟ್ರಕೂಟರನ್ನಾಗಲಿ, ಆದಿಲ್‌ಶಾಹಿಗಳನ್ನಾಗಲಿ ಆ ಮಗು ಹೆಸರಿನಿಂದಲೂ ಅರಿಯದೆ ಎರಡು ಸುತ್ತು ಮುಗಿಸಬಹುದು.

ಸಾಲೋಟಗಿಯ ಕಂಬ

ಮಧ್ಯಯುಗದ ಪಾಠದಲ್ಲಿ ಯುರೋಪಿನ ಸಂನ್ಯಾಸಿಗಳ ಮಠಗಳ ಕಥೆ ಬರುತ್ತದೆ. ಕಾಡಿನ ನಡುವಿನ ಕಲ್ಲುಮಠಗಳಲ್ಲಿ ದೀಪದ ಬೆಳಕಿನಲ್ಲಿ ಗ್ರಂಥಗಳನ್ನು ನಕಲು ಮಾಡಿ ಅವರು ವಿದ್ಯೆಯನ್ನು ಉಳಿಸಿದರೆಂದು ಹುಡುಗಿ ಓದುತ್ತಾಳೆ. ಸರಿಯಾದ ಮಾತೇ. ಆದರೆ ಅದೇ ಶತಮಾನದಲ್ಲಿ, ಆಕೆ ಕುಳಿತ ಪಡಸಾಲೆಯಿಂದ ಬಸ್ಸಿನಲ್ಲಿ ಸುಲಭವಾಗಿ ಹೋಗಿಬರಬಹುದಾದಷ್ಟು ದೂರದಲ್ಲಿ, ಏನು ನಡೆದಿತ್ತು?

ಇಂಡಿಗೆ ಸಮೀಪದಲ್ಲಿ ಸಾಲೋಟಗಿ ಎಂಬ ಊರಿದೆ. ಇಲ್ಲಿಯ ಕಂಬವೊಂದರ ಮೇಲಿನ ಶಾಸನವು ಶಕವರ್ಷ 867ರದು, ಎಂದರೆ ಕ್ರಿ.ಶ. 945ರದು. ಆಗ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಮಾನ್ಯಖೇಟದಿಂದ ಆಳುತ್ತಿದ್ದನು. ಆತನ ಮಂತ್ರಿ ನಾರಾಯಣನೆಂಬವನು ಪಾವಿಟ್ಟಗೆ ಎಂಬ ಈ ಗ್ರಾಮದಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಬೇರೆಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಕಲಿಯುತ್ತಿದ್ದರೆಂದು ಶಾಸನ ಹೇಳುತ್ತದೆ. ಅವರ ವಸತಿಗೆ 27 ಮನೆಗಳು. ಊಟಕ್ಕೆ, ಉಪಾಧ್ಯಾಯನ ಜೀವನಕ್ಕೆ, ರಾತ್ರಿಯ ದೀಪಕ್ಕೆ ಸಹ ಪ್ರತ್ಯೇಕವಾಗಿ ಭೂಮಿಯನ್ನು ಬಿಟ್ಟಿದ್ದರು. ಅಷ್ಟೇ ಅಲ್ಲ, ಅಲ್ಲಿಯ ಬ್ರಾಹ್ಮಣರು ಮದುವೆ ನಡೆದಾಗ ಶಾಲೆಗೆ ಐದು ನಾಣ್ಯಗಳನ್ನು ಕೊಡಬೇಕು. ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲಿಯೂ ಅರ್ಧ. ಮನೆಯ ಮಂಗಳಕಾರ್ಯಗಳಿಂದ ಶಾಲೆಯ ವೆಚ್ಚ ನಡೆಯುವ ಈ ಏರ್ಪಾಡನ್ನು ಇಂದಿನ ಆಡಳಿತ ಮಂಡಳಿಗಳು ಕೇಳಿದರೆ ಎಷ್ಟು ಸಂತೋಷಪಟ್ಟಾವೋ! ಶಾಲೆಯಿದ್ದುದರಿಂದಲೇ ಪಾವಿಟ್ಟಗೆಯು ಶಾಲಾಪಾವಿಟ್ಟಗೆಯಾಗಿ, ನಾಲಗೆಯಲ್ಲಿ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಊರಿನ ಹೆಸರಿನಲ್ಲಿಯೇ ಸಾಲಿ ಕುಳಿತಿದೆ.

ಈ ಶಾಸನದ ಪಾಠ ನಾಲ್ಕನೆಯ 'ಎಪಿಗ್ರಾಫಿಯಾ ಇಂಡಿಕಾ' ಸಂಪುಟದಲ್ಲಿ ಅಚ್ಚಾಗಿದೆ. ಹಿಂದೆ ಅದನ್ನು ನೋಡಬೇಕಾದರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಗ್ರಂಥಪಾಲಕನ ಮರ್ಜಿ ಹಿಡಿದು, ಧೂಳು ಕೊಡವಿ ಓದಬೇಕಾಗಿತ್ತು. ಇಂದು ಅದೇ ಅಂತರಜಾಲದಲ್ಲಿ, ಈಜಿಪ್ತಿನ ಪಾಠ ಬಂದ ಅದೇ ಪರದೆಯ ಮೇಲೆ, ಬಿಟ್ಟಿಯಾಗಿ ತೆರೆದುಕೊಳ್ಳುತ್ತದೆ. ದೋಷ ಯಂತ್ರದ್ದಲ್ಲವೆಂಬುದು ಇದರಿಂದ ಗೊತ್ತಾಗುತ್ತದೆ. ಯಾರೂ ಅದನ್ನು ಮಗುವಿನ ತುತ್ತಿಗೆ ತಕ್ಕಂತೆ ಕಲಸಿ ಇಟ್ಟಿಲ್ಲ, ಅಷ್ಟೆ.

ಆದರೆ ಸಾಲೋಟಗಿಯ ಕಥೆಯನ್ನು ಹೇಳಿದೊಡನೆ ಹೆಮ್ಮೆಪಟ್ಟು ಎದ್ದುಬಿಟ್ಟರೆ ಪಾಠ ಅರ್ಧವಾದೀತು. ಚುರುಕಾದ ಹುಡುಗಿ ಮರುಕ್ಷಣವೇ ಕೇಳುತ್ತಾಳೆ: "ನಾ ಹೋಗಿದ್ರ ನನ್ನ ಸೇರಿಸ್ಕೋತಿದ್ರೇನು?" ಆಗ ತಾಯಿ ಸುಳ್ಳಾಡಕೂಡದು. ಅದು ವೇದಶಾಸ್ತ್ರಗಳನ್ನು ಓದುವ ಬ್ರಾಹ್ಮಣ ವಟುಗಳ ಶಾಲೆ. ಈ ಹುಡುಗಿಗೂ, ಊರಿನ ಒಕ್ಕಲಿನ ಹುಡುಗನಿಗೂ ಅದರ ಬಾಗಿಲು ತೆರೆದಿರಲಿಲ್ಲ. ಎರಡು ಶತಮಾನಗಳ ತರುವಾಯ ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರ ಕಾಲದಲ್ಲಿ ಅಂಬಿಗರೂ ಮಡಿವಾಳರೂ ಹೆಂಗಸರೂ ತಮ್ಮ ಮಾತಿನಲ್ಲಿ ವಚನ ಹೇಳಿದುದು ಏಕೆ ಅಷ್ಟು ದೊಡ್ಡ ಸಂಗತಿಯಾಯಿತೆಂಬುದು ಸಾಲೋಟಗಿಯ ಬಾಗಿಲ ಬಳಿ ನಿಂತವರಿಗೆ ಮಾತ್ರ ಚೆನ್ನಾಗಿ ತಿಳಿದೀತು. ಒಂದು ಪಾಠ ಇನ್ನೊಂದಕ್ಕೆ ಹೀಗೆ ಕೈ ಕೊಡುತ್ತದೆ.

ಆ ವಚನಗಳಾದರೂ ಪರದೆಯ ಮೇಲೆ ಬಂದುದು ಹೇಗೆ? ಇದೂ ಮನೆಗಳ ಕಥೆಯೇ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ಮನೆಮನೆಯ ಜಗುಲಿಗಳ ಮೇಲೆ ಪೂಜೆಗೊಳ್ಳುತ್ತ ಹುಳು ಹಿಡಿಯುತ್ತಿದ್ದ ತಾಡವೋಲೆಗಳನ್ನು ಬೇಡಿ ತಂದು, ನಕಲು ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂದು ಅವರ ಚರಿತ್ರಕಾರರು ಬರೆಯುತ್ತಾರೆ. 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಟಿತು. 1964ರಲ್ಲಿ ಅವರು ತೀರಿಕೊಂಡರು. ಇಂದು 'ವಚನ ಸಂಚಯ' ಎಂಬ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಶಬ್ದಶಬ್ದವಾಗಿ ಹುಡುಕಬಹುದು. 'ಜೋಳ' ಎಂದು ಬರೆದರೆ ಜೋಳ ಬಂದ ವಚನಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಬೇಕೇ?

ಝಳಕಿಯ ನೆರೆಯ ಹಲಸಂಗಿಯನ್ನು ಮರೆಯುವಂತಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರ ಗುಂಪು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದಿತು. ಮಧುರಚೆನ್ನರು ಓದಿದುದು ಮುಲ್ಕಿ ಪರೀಕ್ಷೆಯವರೆಗೆ. ಮುಂದಿನದೆಲ್ಲ, ಹಳಗನ್ನಡವೂ ಆಂಗ್ಲವೂ, ಮನೆಯಲ್ಲಿ ಕುಳಿತು ತಾವೇ ಕಲಿತುದು. ಗೃಹಶಿಕ್ಷಣವೆಂಬ ಮಾತನ್ನು ಈ ಸೀಮೆಯವರು ಪರದೇಶದಿಂದ ಕಲಿಯಬೇಕಾಗಿಲ್ಲ.

ಕಾನೂನು ಏನೆನ್ನುತ್ತದೆ?

ಭಾರತದಲ್ಲಿಯೇ ನೆಲಸಿದ ಪಾಲಕರು ಇಲ್ಲಿ ತುಸು ಎಚ್ಚರದಿಂದಿರಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ ಹತ್ತನೆಯ ಕಲಮು ಹೇಳುತ್ತದೆ. ಸೇರಿಸದವರಿಗೆ ದಂಡನೆಯೇನೆಂದು ಹೇಳಿಲ್ಲ. ಮನೆಯಲ್ಲಿ ಕಲಿಸಬಹುದೆಂದೂ ಹೇಳಿಲ್ಲ, ಕೂಡದೆಂದೂ ಹೇಳಿಲ್ಲ. ಕಾನೂನು ಮೌನವಾದಲ್ಲಿ ಪಾಲಕರು ತಮ್ಮ ತಮ್ಮ ಧೈರ್ಯವನ್ನು ನೆಚ್ಚಬೇಕಾಗಿದೆ. ಪರೀಕ್ಷೆಯ ದಾರಿ ಮಾತ್ರ ತೆರೆದೇ ಇದೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಹದಿನಾಲ್ಕು ತುಂಬಿದವರಿಗೆ ಹತ್ತನೆಯ ತರಗತಿಯ ಪರೀಕ್ಷೆಯನ್ನು ನಡೆಸುತ್ತದೆ, ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಖಾಸಗಿ ಅಭ್ಯರ್ಥಿಯಾಗಿ ಕುಳಿತುಕೊಳ್ಳಲು ಅವಕಾಶವುಂಟು.

ಇದಕ್ಕಿಂತ ಕಠಿಣವಾದ ಮಾತೊಂದಿದೆ. ಮನೆಯಲ್ಲಿ ಕಲಿಸುವುದು ಬೇರೆ, ಮನೆಯಲ್ಲಿ ಇರಿಸಿಕೊಳ್ಳುವುದು ಬೇರೆ. ಈ ಸೀಮೆಯಿಂದ ಪ್ರತಿ ವರ್ಷ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಕುಟುಂಬಸಮೇತ ಗಡಿಯಾಚೆ ಹೋಗುವವರಿದ್ದಾರೆ. ಗದ್ದೆಯ ಬದುವಿನಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತ ಹುಡುಗಿಯೂ ಶಾಲೆಯ ಹೊರಗಿರುವವಳೇ. ಆಕೆಯನ್ನು ಗೃಹಶಿಕ್ಷಣದ ವಿದ್ಯಾರ್ಥಿನಿಯೆಂದು ಯಾರು ಕರೆದಾರು? "ಮನ್ಯಾಗ ಓದತಾಳ್ರಿ" ಎಂದು ಹೇಳಿ ಏಳನೆಯ ಇಯತ್ತೆಗೆ ಹೆಣ್ಣುಮಗುವಿನ ದಪ್ತರವನ್ನು ಮೂಲೆಗೆ ತಳ್ಳಿ, ಎರಡು ವರ್ಷಕ್ಕೆ ಮದುವೆಯ ಮಾತೆತ್ತುವವರ ಕೈಗೆ ಇದೊಂದು ನೆವವಾಗಬಾರದು. ಶಿಕ್ಷಣ ಹಕ್ಕಿನ ಕಾಯಿದೆಯ ಬಿಗಿ ಸಡಿಲವಾಗಬೇಕೆಂದು ನಗರದ ಸುಶಿಕ್ಷಿತ ಪಾಲಕರು ವಾದಿಸುವಾಗ, ಆ ಬಿಗಿಯೊಂದೇ ಕೆಲವು ಹುಡುಗಿಯರಿಗೆ ಆಸರೆಯೆಂಬುದನ್ನು ನೆನೆದರೆ ಒಳ್ಳೆಯದು.

2020ರ ಮಾರ್ಚಿಯಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ, ಬೇಡಲಿ ಬಿಡಲಿ, ಎಲ್ಲ ಮನೆಗಳೂ ಶಾಲೆಗಳಾದವು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮದಲ್ಲಿ ಮಾಸ್ತರರು ಮಕ್ಕಳಿದ್ದಲ್ಲಿಗೇ ನಡೆದುಹೋಗಿ, ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಕಲಿಸಿದರು. ಅಕ್ಟೋಬರದಲ್ಲಿ ಸೋಂಕಿನ ಭಯದಿಂದ ಅದನ್ನೂ ನಿಲ್ಲಿಸಬೇಕಾಯಿತು. ಮನೆಗೊಂದೇ ಮೊಬೈಲು, ಅದೂ ಅಪ್ಪನೊಡನೆ ಹೊಲಕ್ಕೆ ಹೋದರೆ ಪಾಠವೂ ಹೊಲಕ್ಕೆ ಹೋದಂತೆಯೇ. ಅಂತರಜಾಲದ ಪಾಠ ಎಷ್ಟು ಚೆನ್ನಾಗಿದ್ದರೂ ಪಕ್ಕದಲ್ಲಿ ಕುಳಿತು "ಮುಂದೇನಾಯ್ತು?" ಎಂದು ಕೇಳುವ ಒಬ್ಬ ದೊಡ್ಡವರಿಲ್ಲದಿದ್ದರೆ ಅದು ನಡೆಯದೆಂಬುದನ್ನು ಆ ಎರಡು ವರ್ಷಗಳು ಎಲ್ಲರಿಗೂ ಕಲಿಸಿದವು. ಗೃಹಶಿಕ್ಷಣದ ಮನೆಗಳಲ್ಲಿ ಆ ದೊಡ್ಡವರು ಬಹುಮಟ್ಟಿಗೆ ತಾಯಿ. ಆಕೆ ಬಿಟ್ಟುಕೊಟ್ಟ ಉದ್ಯೋಗದ ಲೆಕ್ಕ ಯಾವ ಪಾಠಕ್ರಮದ ಬೆಲೆಯಲ್ಲಿಯೂ ಸೇರಿರುವುದಿಲ್ಲ.

ಐದನೆಯ ಸಂಪುಟ

ಇಷ್ಟಾಗಿ, ಮನೆಯಲ್ಲಿಯೇ ಕಲಿಸಲು ನಿಶ್ಚಯಿಸಿದವರು ಏನು ಮಾಡಬಹುದು? ಹೊರಗಿನ ನಾಲ್ಕು ಸಂಪುಟಗಳನ್ನು ಎಸೆಯಬೇಕಾಗಿಲ್ಲ. ಈಜಿಪ್ತನ್ನೂ ರೋಮನ್ನೂ ಅರಿಯದ ಕನ್ನಡ ಮಗು ಬೇಕೆಂದು ಯಾರೂ ಬಯಸರು. ಅವುಗಳ ಜೊತೆಗೆ ಐದನೆಯ ಸಂಪುಟವೊಂದನ್ನು ಮನೆಯವರೇ ಕಟ್ಟಬೇಕು. ಸಾಮಗ್ರಿಗೆ ಬರವಿಲ್ಲ. ಕರ್ನಾಟಕದ ಸಮಾಜವಿಜ್ಞಾನದ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ಕನ್ನಡದಲ್ಲಿಯೇ ಬಿಟ್ಟಿಯಾಗಿ ದೊರೆಯುತ್ತವೆ. 2017ರಲ್ಲಿ ಆರಂಭವಾದ 'ದೀಕ್ಷಾ' ತಾಣದಲ್ಲಿ ಅವುಗಳಿಗೆ ಹೊಂದಿದ ಪಾಠಗಳಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ಕನ್ನಡದ ನಿಘಂಟುಗಳೂ ಗ್ರಂಥಗಳೂ ಇವೆ. ಮುಂಬಯಿ ಸರಕಾರವು 1884ರಲ್ಲಿ ಅಚ್ಚು ಹಾಕಿಸಿದ ವಿಜಯಪುರ ಜಿಲ್ಲೆಯ ಗ್ಯಾಝೆಟಿಯರು, ಹೆನ್ರಿ ಕಸಿನ್ಸನು ವಿಜಯಪುರದ ಕಟ್ಟಡಗಳ ಬಗೆಗೆ 1916ರಲ್ಲಿ ಬರೆದ ದೊಡ್ಡ ಗ್ರಂಥ, ಎರಡನ್ನೂ ಪರದೆಯ ಮೇಲೆ ಓದಬಹುದು. ದೊಡ್ಡವರು ಓದಿ, ಸಣ್ಣದು ಮಾಡಿ, ಮಗುವಿಗೆ ಹೇಳಬೇಕು.

ಮೂರನೆಯ ವರ್ಷದ ಸುತ್ತಿನಲ್ಲಿ ತೋಪುಗಳೂ ಕೋಟೆಗಳೂ ಬರುತ್ತವೆ. ಆಗ ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಬೇಕು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಹನ ಗೋರಿಯಾದ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಮಗು ಒಮ್ಮೆ ಕೂಗಿ ಬರಲಿ. ಬಳಿಕ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪಿನ ಮುಂದೆ ನಿಲ್ಲಲಿ. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಈ ತೋಪಿನ ತೂಕ ಸುಮಾರು 55 ಟನ್ನು. ಪರಾಂಡಾ ಕೋಟೆಯಿಂದ 1632ರಲ್ಲಿ ಇಲ್ಲಿಗೆ ತಂದರು. ಪರಾಂಡಾ ಇರುವುದು ಭೀಮೆಯ ಆ ದಂಡೆಗೆ, ವಿಜಯಪುರ ಈ ದಂಡೆಗೆ. ಹಾಗಾದರೆ ಸೇತುವೆಯಿಲ್ಲದ ಕಾಲದಲ್ಲಿ ಅದು ಹೊಳೆಯನ್ನು ದಾಟಿದ್ದು ಹೇಗೆ? ಯಾವ ತಿಂಗಳಲ್ಲಿ ದಾಟಿಸಿದ್ದರೆ ಸುಲಭ? ಉತ್ತರ ಸಿಕ್ಕದಿದ್ದರೂ ಚಿಂತೆಯಿಲ್ಲ. ಭೀಮೆಯ ನೀರಿನ ಏರಿಳಿತವನ್ನು ಕಂಡ ಝಳಕಿಯ ಮುತ್ಯಾ ಈ ಪಾಠದಲ್ಲಿ ಯಾವ ಪ್ರಾಧ್ಯಾಪಕನಿಗೂ ಕಡಿಮೆಯಲ್ಲ.

ಅಂತರಜಾಲದ ಚರಿತ್ರೆಯಲ್ಲಿ ಹುಸಿಯೂ ಬಹಳ. ವಿಜಯಪುರದ ಹೊರವಲಯದಲ್ಲಿ 'ಸಾಠ ಕಬರ್' ಎಂಬ ಸಾಲುಗೋರಿಗಳಿವೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ ಅಫಜಲಖಾನನು ತನ್ನ ಹೆಂಡಂದಿರನ್ನೆಲ್ಲ ಕೊಂದು ಅಲ್ಲಿ ಹೂಳಿಸಿದನೆಂಬ ಕಥೆಯನ್ನು ನೂರಾರು ಚಲಚ್ಚಿತ್ರಗಳು ನಿಸ್ಸಂದೇಹವಾಗಿ ಹೇಳುತ್ತವೆ. ಗೋರಿಗಳಿರುವುದು ನಿಜ. ಕಥೆ ಜನರ ಬಾಯಲ್ಲಿರುವುದೂ ನಿಜ. ಗೋರಿಯ ಕಲ್ಲು ಆ ಕಥೆಯನ್ನು ಹೇಳುತ್ತದೆಯೇ, ಅಥವಾ ಕಥೆಯೇ ಗೋರಿಗಳನ್ನು ಎಣಿಸಿಕೊಂಡಿತೇ? ಇದನ್ನು ಬೇರ್ಪಡಿಸಿ ನೋಡಲು ಕಲಿತ ಮಗು ಹತ್ತು ಇಸವಿಗಳನ್ನು ಮರೆತರೂ ನಷ್ಟವಿಲ್ಲ.

ಗಡಿಯ ಪಾಠವೂ ಈ ಭಾಗದ ಮಕ್ಕಳಿಗೆ ಬೇಕು. ಕಳಚುರಿಗಳ ಮೊದಲ ರಾಜಧಾನಿಯಾಗಿದ್ದ, ಬಸವಣ್ಣನವರು ಕರಣಿಕರಾಗಿದ್ದರೆಂದು ಪರಂಪರೆ ಹೇಳುವ ಮಂಗಳವೇಡೆ ಇಂದು ಮಹಾರಾಷ್ಟ್ರದಲ್ಲಿದೆ. 1956ರ ನವೆಂಬರ್ 1ರವರೆಗೆ ಅದೂ ವಿಜಯಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಅಕ್ಕಲಕೋಟೆ ಜತ್ತಗಳ ಕನ್ನಡ ಮಕ್ಕಳು ಒಂದು ರಾಜ್ಯದ ಚರಿತ್ರೆಯನ್ನು ಶಾಲೆಯಲ್ಲಿ ಓದಿ ಇನ್ನೊಂದರ ಹಾಡನ್ನು ಮನೆಯಲ್ಲಿ ಕೇಳುತ್ತಾರೆ. ರಾಜ್ಯಗಳ ಪಠ್ಯಪುಸ್ತಕಗಳು ಗಡಿಯ ಕಲ್ಲಿಗೆ ಬಂದು ನಿಲ್ಲುತ್ತವೆ. ಮನೆಯಲ್ಲಿ ಕಲಿಸುವವರಿಗೆ ಆ ಕಟ್ಟು ಇಲ್ಲ.

ಎಲ್ಲಕ್ಕಿಂತ ಹತ್ತಿರದ ಪಾಠವೆಂದರೆ ಬರಗಾಲದ್ದು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ನಾಡು ನಜ್ಜುಗುಜ್ಜಾಯಿತು. 1872ರ ಮತ್ತು 1881ರ ಜನಗಣತಿಗಳ ನಡುವೆ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಇಳಿಯಿತು. ಇಂಡಿಯ ಮೂಲಕ ಹಾಯುವ ಹೋಟಗಿ–ಗದಗ ರೈಲುದಾರಿ ಹುಟ್ಟಿದುದು ಆ ಕ್ಷಾಮದ ಬೆನ್ನಿಗೆ. ಇದು ಗ್ಯಾಝೆಟಿಯರಿನ ಮಾತು. 1972ರ ಬರವಾದರೋ ಇನ್ನೂ ಪಡಸಾಲೆಯಲ್ಲಿ ಕುಳಿತಿದೆ.

ಮೊದಲು ಕಲ್ಪಿಸಿದ ಆ ಮನೆಗೇ ಮರಳೋಣ. ತಾಯಿ ಈಜಿಪ್ತಿನ ಪಾಠವನ್ನು ನಿಲ್ಲಿಸಿ, ಮೊಬೈಲಿನ ಧ್ವನಿಮುದ್ರಣವನ್ನು ಒತ್ತಿ, ಅಜ್ಜನ ಮುಂದಿಟ್ಟಿದ್ದಾಳೆ. ನೈಲ್ ನದಿಯ ಪೂರ ಬಾರದ ವರ್ಷ ಅಲ್ಲಿಯ ಜನ ಹಸಿದರೆಂದು ಹುಡುಗಿ ಈಗಷ್ಟೇ ಓದಿದ್ದಾಳೆ.

"ಮುತ್ಯಾ, ಬರ ಬಿದ್ದಾಗ ನೀವೇನ್ ತಿಂದ್ರಿ?"

"ಹೊರದೇಶದ ಕೆಂಪು ಜ್ವಾಳ ಬರ್ತಿತ್ತವಾ. ರೊಟ್ಟಿ ತಟ್ಟಾಕ ಬರ್ತಿದ್ದಿಲ್ಲ, ಹರೀತಿತ್ತು. ನಿಮ್ಮ ಆಯಿ ಅತ್ತಬಿಡಾಕಿ. ನಾ ಕೆರಿ ಕೆಲಸಕ್ಕ ಹೋಗ್ತಿದ್ದೆ, ಕಲ್ಲ ಒಡಿಯಾಕ."

"ಯಾವ ವರ್ಷ ಅದು?"

"ನಿಮ್ಮ ದೊಡ್ಡಪ್ಪ ಹುಟ್ಟಿದ ವರ್ಷ."

ಒಳಗಿನಿಂದ ಆಯಿ, "ಹುಟ್ಟಿದ ವರ್ಷ ಅಲ್ಲ, ಅದರ ಮುಂದಿಂದು, ನನಗ ನೆನಪಿಲ್ಲೇನು?" ಎಂದು ತಿದ್ದುತ್ತಾಳೆ. ಇಬ್ಬರಲ್ಲಿ ವಾದ ಹತ್ತುತ್ತದೆ. ಹುಡುಗಿ ಎರಡು ಚೀಟಿಗಳನ್ನು ಬರೆದು, ಒಂದರಲ್ಲಿ ಮುತ್ಯಾನ ಮಾತನ್ನೂ ಇನ್ನೊಂದರಲ್ಲಿ ಆಯಿಯ ಮಾತನ್ನೂ ಗುರುತು ಮಾಡಿ, ಗೋಡೆಯ ಮೇಲಿನ ಕಾಲರೇಖೆಯಲ್ಲಿ ಒಂದರ ಕೆಳಗೊಂದು ಹಚ್ಚುತ್ತಾಳೆ. ದೊಡ್ಡಪ್ಪನ ಶಾಲೆಯ ದಾಖಲೆಯನ್ನು ಹುಡುಕಲು ಅಟ್ಟದ ಮೇಲಿನ ಟ್ರಂಕನ್ನು ಇಳಿಸಬೇಕಾಗಿದೆ.